ಬೀಜದ ಕಂಪನಿ ಸೇರಲೇ ಎಂದು ಕೇಳಿದ ತಂಗಿಗೆ

ತಂಗೀ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಈಗ ಮುಂದಿನ ಓದಿಗೆ ವಾಗೆನಿಂಗನ್‌ಗೆ ಬಂದಿದ್ದೀಯ. ನೆದರ್ಲೆಂಡ್ಸ್‌ನಲ್ಲಿ ಬದುಕು ಹೇಗೆ ಎಂದು ಕೇಳಿದ್ದೀಯ. ಇಲ್ಲಿನ ಬೀಜದ ಕಂಪನಿ ಸೇರಿದರೆ ನಮ್ಮ ಹಾವೇರಿ ಕಡೆಯ ರೈತರಿಗೆ ಮೋಸ ಮಾಡಿದಂತೆ ಆಗುತ್ತದಾ ಅಂತಲೂ ಕೇಳಿದ್ದೀಯ.

ಬದುಕಿನ ಮಾತು ಬೇಗ ಮುಗಿಯುತ್ತದೆ. ಮಳೆ, ಗಾಳಿ ರೂಢಿಯಾಗುತ್ತದೆ. ಮನೆ ಸಿಗುವುದು ಬಹಳ ಕಷ್ಟ, ಈಗಿನಿಂದಲೇ ಹುಡುಕು. ಓದು ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಪರವಾನಗಿ ಸಿಗುತ್ತದೆ. ಡಚ್ ಕಲಿ.

ಕಂಪನಿಯ ವಿಷಯಕ್ಕೆ ಬರುತ್ತೇನೆ. ನಾನು ರಾಣೆಬೆನ್ನೂರು ತಾಲೂಕಿನವಳು. ಓಣಿಯ ಹೆಂಗಸರು ಹೈಬ್ರಿಡ್ ಬೀಜ ಮಾಡುವ ಹೊಲಗಳಿಗೆ ಕ್ರಾಸಿಂಗ್‌ಗೆ ಹೋಗುವುದನ್ನು ನೋಡುತ್ತಲೇ ಬೆಳೆದೆ. ಟೊಮೆಟೊ ಮೊಗ್ಗು ಅರಳುವ ಮುಂಚೆ ಚಿಮಟದಿಂದ ಗಂಡು ಭಾಗ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೇ. ಇದನ್ನು ಕೈಯಿಂದಲೇ ಮಾಡಬೇಕು. ಇಲ್ಲಿ 2025ರ ಜನವರಿಯಲ್ಲಿ ಕನಿಷ್ಠ ಕೂಲಿ ಗಂಟೆಗೆ 14.06 ಯೂರೋ ಇತ್ತು. ನಮ್ಮ ಕಡೆ ಹೆಣ್ಣಾಳಿಗೆ ದಿನವಿಡೀ ದುಡಿದರೂ ಅಷ್ಟು ಸಿಗುವುದಿಲ್ಲ. ಇಲ್ಲಿನ ಕಂಪನಿಗಳ ಈ ಕೆಲಸ ನಮ್ಮೂರಿಗೆ ಬಂದದ್ದು ಮುಖ್ಯವಾಗಿ ಇದಕ್ಕೇ.

ಹಾಗಂತ ಕಂಪನಿಗಳು ನಮ್ಮವರನ್ನು ಬರೀ ಸುಲಿದವು ಅನ್ನಲಾರೆ. ಮಳೆ ನಂಬಿದ ಹೊಲದಲ್ಲಿ ಸುಗ್ಗಿ ಮುಗಿದರೆ ಕೂಲಿಯೇ ಇರುತ್ತಿರಲಿಲ್ಲ. ಸೀಡ್ಸ್ ಪ್ಲಾಟ್, ಅಂದರೆ ಕಂಪನಿಗಾಗಿ ಬೀಜ ಬೆಳೆಯುವ ಹೊಲ, ಬಂದ ಮೇಲೆ ಹೆಂಗಸರ ಕೈಗೆ ದುಡ್ಡು ಬಂತು, ಮಕ್ಕಳ ಫೀ ಕಟ್ಟಿದರು. ಇದನ್ನು ಸುಮ್ನೆ ತಳ್ಳಿಹಾಕಬಾರದು, ಅಲ್ವಾ?

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕಂಪನಿಗೂ ರೈತನಿಗೂ ನಡುವೆ ಒಬ್ಬ ಆರ್ಗನೈಸರ್ ಇರುತ್ತಾನೆ. ಬೀಜ ಕೊಟ್ಟ ಮೇಲೆ ಮೊಳಕೆ ಪರೀಕ್ಷೆ, ತಳಿ ಶುದ್ಧತೆಯ ಪರೀಕ್ಷೆ ಆಗಬೇಕು. ಪೂರ್ತಿ ಹಣ ಬರಲು ತಿಂಗಳುಗಟ್ಟಲೆ ಕಾಯಬೇಕು. ಬೀಜ ಫೇಲ್ ಆದರೆ ಹೊಡೆತ ರೈತನಿಗೇ. ಆಳುಗಳ ಕೂಲಿ ಅವನು ಮೊದಲೇ ಕೊಟ್ಟಿರುತ್ತಾನೆ. ಇತ್ತ ಬೀಜದ ಕಂಪನಿಗಳಿರುವ ಎಂಕ್‌ಹೌಜನ್‌ನಲ್ಲಿ ತಳಿ ಮಾಡುವವರಿಗೆ, ಲ್ಯಾಬಿನವರಿಗೆ ತಿಂಗಳ ಸಂಬಳ ತಪ್ಪುವುದಿಲ್ಲ. ಲಾಭ ಬಂದದ್ದಕ್ಕೆ ನನ್ನ ತಕರಾರಿಲ್ಲ. ನಷ್ಟವನ್ನೆಲ್ಲ ಹೊಲದವನ ತಲೆಗೆ ಕಟ್ಟುವುದು ಅನ್ಯಾಯ.

ಎಲ್ಲ ವಿದೇಶಿ ಕಂಪನಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿ ರೈತರು ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆ ಬೇಡವೆಂದು ಎದ್ದು ನಿಂತರು. ತೋಂಟದಾರ್ಯ ಮಠದ ಸ್ವಾಮೀಜಿ ಅವರ ಜೊತೆಗಿದ್ದರು. ಅಲ್ಲಿ ಹೋಗುತ್ತಿದ್ದುದು ಹೊಲವೇ. ಬೀಜದ ಕೆಲಸದಲ್ಲಿ ಹೊಲ ರೈತನ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಕರಾರಿನ ಬಗ್ಗೆ ಜಗ್ಗಾಡಲು ಜಾಗವಿದೆ.

ನೀನು ಸೇರು. ಆದರೆ ಬೀಜೋತ್ಪಾದನೆ ವಿಭಾಗಕ್ಕೂ ಅರ್ಜಿ ಹಾಕು. ಕರಾರಿನ ಷರತ್ತುಗಳು ಅಲ್ಲಿ ತೀರ್ಮಾನವಾಗುತ್ತವೆ. ಬಿಸಿಲಲ್ಲಿ ಕ್ರಾಸಿಂಗ್ ಮಾಡುವವರನ್ನು ಕಂಡವರು ಆ ಕೋಣೆಯಲ್ಲಿ ಇರಬೇಕು ಎಂಬ ಆಸೆ ನನಗೆ ಬಹಳ ಇದೆ. ಸಂದರ್ಶನದಲ್ಲಿ ಧೈರ್ಯವಾಗಿ ಕೇಳು: ರೈತನಿಗೆ ಎಷ್ಟು ದಿನದಲ್ಲಿ ಹಣ ಕೊಡುತ್ತೀರಿ? ಬೀಜ ಫೇಲ್ ಆದರೆ ಕೂಲಿಯ ಖರ್ಚು ಯಾರದು? ಇಲ್ಲಿ ಪ್ರಶ್ನೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅರ್ಜಿ ಕಳಿಸುವ ಮುಂಚೆ ನನಗೊಮ್ಮೆ ತೋರಿಸು, ಕೂತು ತಿದ್ದೋಣ.