ಪಿತ್ತಕೋಶದ ಕಲ್ಲು, ಜೊತೆಗೆ ಶುಗರ್ ಮತ್ತು ಸ್ಟೆಂಟ್: ಆಪರೇಷನ್‌ಗೆ ಹೂಂ ಅನ್ನಲೇ?

ಪ್ರಶ್ನೆ: ನನಗೆ 58 ವರ್ಷ. ಶುಗರ್, ಬಿಪಿ ಶುರುವಾಗಿ 14 ವರ್ಷವಾಯಿತು. ನಡೆದರೆ ಎದೆ ಹಿಡಿಯುತ್ತಿತ್ತು ಎಂದು ಏಳು ತಿಂಗಳ ಹಿಂದೆ ಸ್ಟೆಂಟ್ ಹಾಕಿದರು, ಹೃದಯಾಘಾತ ಆಗಿರಲಿಲ್ಲ. ರಕ್ತ ತೆಳುವಾಗಿಸಲು ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಶುಗರ್‌ಗೆ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್, ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತೇನೆ. ಶುಗರ್ ಹತೋಟಿ ತೋರಿಸುವ ಎಚ್‌ಬಿಎ1ಸಿ 9.2 ಇದೆ. ನಾಲ್ಕು ತಿಂಗಳ ಹಿಂದೆ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ತಡೆಯಲಾರದ ನೋವು ಬಂತು. ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲುಗಳು ಕಂಡವು, ದೊಡ್ಡದು 14 ಮಿ.ಮೀ. ಸರ್ಜನ್ ತೆಗೆಸಿಬಿಡಿ ಅಂತಾರೆ. ಹೃದಯದ ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಡಿ ಅಂದಿದ್ದಾರೆ. ಮನೆಯವರು ಮಾತ್ರೆಯಲ್ಲೇ ಕರಗುತ್ತೆ ಅಂತಾರೆ. ಕಳೆದ ವಾರ ರಾತ್ರಿ ಮತ್ತೆ ಎರಡು ಗಂಟೆ ನೋವಿತ್ತು, ಯಾರಿಗೂ ಹೇಳಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಕಳೆದ ವಾರದ ನೋವಿನ ವಿಷಯವನ್ನು ಇವತ್ತೇ ಮನೆಯಲ್ಲಿ ಹೇಳಿ. ಹೇಳಿದರೆ ಆಪರೇಷನ್ ಮಾತು ಮತ್ತೆ ಏಳುತ್ತದೆ ಎಂಬ ಅಳುಕು ಸಹಜವೇ. ಆದರೆ ಹೃದಯದ ನೋವೂ ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಬಹುದು, ಹಳೆಯ ಶುಗರ್ ಇದ್ದವರಲ್ಲಿ ಇನ್ನೂ ಹೆಚ್ಚು. ಇದು ಪಿತ್ತಕೋಶದ್ದೇ ನೋವು ಎಂದು ನೀವೊಬ್ಬರೇ ನಡುರಾತ್ರಿ ಕೂತು ತೀರ್ಮಾನಿಸುವಂಥದ್ದಲ್ಲ. ಮುಂದಿನ ಸಲ ಬಂದರೆ ಮೊದಲು ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಆಗಲಿ, ಕಲ್ಲಿನ ಮಾತು ಆಮೇಲೆ.

ಇನ್ನು ಆಪರೇಷನ್. ಕಲ್ಲಿದ್ದೂ ನೋವೇ ಇಲ್ಲದವರಿಗೆ, ಅವರಿಗೆ ಶುಗರ್ ಇದ್ದರೂ, ಸಾಮಾನ್ಯವಾಗಿ ಸುಮ್ಮನೆ ಬಿಡಿ ಎಂದೇ ಹೇಳುತ್ತಾರೆ. ನೀವು ಆ ಗಡಿ ದಾಟಿದ್ದೀರಿ. ಕಲ್ಲು ಪಿತ್ತಕೋಶದ ಕತ್ತಿನಲ್ಲಿ ಸಿಕ್ಕಿಕೊಂಡಾಗ ನೋವು ಏಳುತ್ತದೆ, ಜಾರಿ ಹಿಂದೆ ಬಿದ್ದಾಗ ಇಳಿಯುತ್ತದೆ. ನಿಮಗೆ ಎರಡು ಸಲವೂ ಅದು ಜಾರಿರಬೇಕು. ಜಾರದೇ ಉಳಿದರೆ ಪಿತ್ತಕೋಶ ಊದಿ ಸೋಂಕಾಗುತ್ತದೆ. ಶುಗರ್ ಇದ್ದವರಲ್ಲಿ ಅದರ ಗೋಡೆ ಕೊಳೆಯುವ ಅಪಾಯ ಹೆಚ್ಚು, ನರಗಳು ಮಂಕಾಗಿದ್ದರೆ ನೋವು ಮಾತ್ರ ಕಡಿಮೆ! ಸಣ್ಣ ಕಲ್ಲುಗಳದ್ದು ಬೇರೆಯೇ ಕಾಟ: ಪಿತ್ತನಾಳಕ್ಕೆ ಇಳಿದು ಕಾಮಾಲೆ ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ತರುತ್ತವೆ. ಆಗ ಆಪರೇಷನ್‌ಗೆ ಹೋಗುವಾಗ ಶುಗರ್ ಏರಿರುತ್ತದೆ, ರಕ್ತದಲ್ಲಿ ಕ್ಲೋಪಿಡೊಗ್ರೆಲ್ ಇರುತ್ತದೆ, ಯಾವುದನ್ನೂ ಸರಿಮಾಡಲು ಪುರುಸೊತ್ತಿರುವುದಿಲ್ಲ. ಇಷ್ಟು ಕಾಯಿಲೆಗಳಿರುವವರು ತೆಗೆಸುವುದಾದರೆ ಮೈ ಹದದಲ್ಲಿರುವಾಗ, ದಿನ ಗೊತ್ತುಮಾಡಿಕೊಂಡು ತೆಗೆಸಬೇಕು.

ಕರಗಿಸುವ ಮಾತ್ರೆ ಇರುವುದು ನಿಜ, ಹೆಸರು ಅರ್ಸೋಡಿಆಕ್ಸಿಕೋಲಿಕ್ ಆಸಿಡ್. ಸುಣ್ಣ ಕಟ್ಟದ ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳಿಗಷ್ಟೇ ಅದು, ಅದೂ ಆರು ತಿಂಗಳಿಂದ ಎರಡು ವರ್ಷ ನುಂಗಬೇಕು. ಕರಗಿದವರಲ್ಲೂ ಸುಮಾರು ಅರ್ಧ ಜನಕ್ಕೆ ಐದು ವರ್ಷದೊಳಗೆ ಮತ್ತೆ ಕಲ್ಲಾಗುತ್ತದೆ. 14 ಮಿ.ಮೀ. ಕಲ್ಲಿಗೆ ಅದನ್ನು ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಇಬ್ಬರು ಡಾಕ್ಟರರ ಮಾತು ಒಂದಕ್ಕೊಂದು ವಿರುದ್ಧವೂ ಅಲ್ಲ. ಔಷಧ ಲೇಪಿತ ಸ್ಟೆಂಟ್ ಹಾಕಿದ ಮೇಲೆ, ಹೃದಯಾಘಾತ ಆಗಿರದಿದ್ದರೆ, ಇಂಥ ಆಪರೇಷನ್‌ಗೆ ಆರು ತಿಂಗಳು ಕಾಯುವುದು ರೂಢಿ. ಆಘಾತವಾಗಿದ್ದರೆ 12 ತಿಂಗಳು. ನಿಮ್ಮ ಏಳು ತಿಂಗಳು ಮುಗಿದಿದೆ. ಸಾಮಾನ್ಯವಾಗಿ ಕ್ಲೋಪಿಡೊಗ್ರೆಲ್ ಅನ್ನು ಐದು ದಿನ ಮೊದಲು ನಿಲ್ಲಿಸಿ ಆಸ್ಪಿರಿನ್ ಮುಂದುವರಿಸುತ್ತಾರೆ. ‘ನಿಲ್ಲಿಸಬೇಡಿ’ ಎಂದರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದು. ಯಾವ ಮಾತ್ರೆ, ಯಾವ ದಿನದಿಂದ, ಮತ್ತೆ ಶುರು ಯಾವಾಗ ಎಂದು ಹೃದಯದ ಡಾಕ್ಟರರಿಂದಲೇ ಮೂರು ಸಾಲು ಬರೆಸಿಕೊಂಡು ಸರ್ಜನ್ ಕೈಗೆ ಕೊಡಿ. ಇಬ್ಬರ ನಡುವೆ ಬಾಯಿಮಾತು ಸಾಗಿಸುವ ಕೆಲಸ ರೋಗಿಯದಾಗಬಾರದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಡಪಾಗ್ಲಿಫ್ಲೋಜಿನ್ ಮೇಲೆ. ಇದನ್ನು ಆಪರೇಷನ್‌ಗೆ ಮೂರು ಪೂರ್ಣ ದಿನ ಮೊದಲೇ ನಿಲ್ಲಿಸಬೇಕು, ಮರೆತುಹೋಗುವುದೂ ಇದೇ ಮಾತ್ರೆ. ಉಪವಾಸ, ಆಪರೇಷನ್ನಿನ ಒತ್ತಡ ಮತ್ತು ಈ ಮಾತ್ರೆ ಕೂಡಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರುತ್ತದೆ, ಗ್ಲುಕೋಮೀಟರ್ ಮಾತ್ರ 180, 200 ಎಂದು ಸಾಧುವಾಗಿ ತೋರಿಸುತ್ತಿರುತ್ತದೆ. ಆಪರೇಷನ್ ಆದಮೇಲೆ ವಾಂತಿ, ಏದುಸಿರು, ವಿಪರೀತ ಸುಸ್ತು ಬಂದರೆ ‘ಗ್ಯಾಸ್ ಇರಬೇಕು’ ಎಂದು ಸುಮ್ಮನಾಗದೆ ರಕ್ತದ ಕೀಟೋನ್ ನೋಡಿ ಎಂದು ಕೇಳಿ. ಮಿಕ್ಕಂತೆ, ಮೆಟ್‌ಫಾರ್ಮಿನ್ ಅನ್ನು ಸಾಮಾನ್ಯವಾಗಿ ಆ ದಿನ ಬಿಡಿಸುತ್ತಾರೆ, ಟೆಲ್ಮಿಸಾರ್ಟನ್ ಅನ್ನು 24 ಗಂಟೆ ಮೊದಲು.

ಎಚ್‌ಬಿಎ1ಸಿ 9.2 ಇರುವಾಗ ಅವಸರ ಬೇಡ. 8ರ ಆಸುಪಾಸಿಗೆ ಇಳಿದರೆ ಗಾಯ ಕೀವಾಗುವ ಭಯ ಕಡಿಮೆ. ಆ ಅಂಕಿ ಸುಮಾರು ಮೂರು ತಿಂಗಳ ಸರಾಸರಿಯಾದ್ದರಿಂದ ನಿಧಾನವಾಗಿ ಇಳಿಯುತ್ತದೆ; ದಿನದ ರೀಡಿಂಗ್ ಬರೆದಿಟ್ಟು ಆರೆಂಟು ವಾರದಲ್ಲಿ ತೋರಿಸಿ. ಈ ನಡುವೆ ನೋವು ಪದೇಪದೇ ಬಂದರೆ ಅಂಕಿಗೆ ಕಾಯುವುದು ಬೇಡ, ಕೆಲವು ದಿನ ಇನ್ಸುಲಿನ್ ಕೊಟ್ಟಾದರೂ ಹತೋಟಿಗೆ ತರುತ್ತಾರೆ. ಅದೇ ವಾರಗಳಲ್ಲಿ ಲಿವರ್ ಪರೀಕ್ಷೆಯೂ ಆಗಲಿ. ಬಿಲಿರುಬಿನ್ ಏರಿದ್ದರೆ ಅಥವಾ ಪಿತ್ತನಾಳ ಹಿಗ್ಗಿದ್ದರೆ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಬೇಕಾಗುತ್ತದೆ. ನಾಳದಲ್ಲಿ ಕಲ್ಲು ಕಂಡರೆ ಬಹಳ ಸಲ ಇಆರ್‌ಸಿಪಿಯಲ್ಲಿ, ಅಂದರೆ ಬಾಯಿಯ ಮೂಲಕ ಎಂಡೋಸ್ಕೋಪ್ ಕೊಳವೆ ಇಳಿಸಿ, ಮೊದಲು ಅದನ್ನು ತೆಗೆಯುತ್ತಾರೆ.

ಅರಿವಳಿಕೆ ತಜ್ಞರನ್ನು ಮುಂಚಿತವಾಗಿಯೇ ಕಾಣಿ. ಲ್ಯಾಪರೋಸ್ಕೋಪಿಗೆ ಸಾಮಾನ್ಯವಾಗಿ ನಾಲ್ಕು ರಂಧ್ರ ಮಾಡಿ, ಕಾರ್ಬನ್ ಡೈಆಕ್ಸೈಡ್ ತುಂಬಿ, ಹೊಟ್ಟೆಯನ್ನು 12ರಿಂದ 15 ಮಿ.ಮೀ. ಪಾದರಸದಷ್ಟು ಒತ್ತಡಕ್ಕೆ ಉಬ್ಬಿಸುತ್ತಾರೆ. ಆ ಒತ್ತಡ ಹೃದಯಕ್ಕೆ ಹೊರೆ, ನಿಮ್ಮಂಥವರಲ್ಲಿ ತಗ್ಗಿಸಿಕೊಳ್ಳಲು ಸಾಧ್ಯವೇ ಎಂದು ಕೇಳಬಹುದು. ಎರಡು ಮಹಡಿ ನಿಲ್ಲದೆ ಹತ್ತುತ್ತೀರಾ ಎಂದು ಅವರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಪಟ್ಟಿಯಲ್ಲಿ ಬೆಳಗಿನ ಮೊದಲ ಸರದಿ ಕೇಳಿ, ಉಪವಾಸದ ಹೊತ್ತು ಕಡಿಮೆಯಾಗುತ್ತದೆ. ಒಳಗೆ ಅಂಗಗಳು ಅಂಟಿಕೊಂಡು ನಾಳ ಸ್ಪಷ್ಟವಾಗಿ ಕಾಣದಿದ್ದರೆ ಸರ್ಜನ್ ಹೊಟ್ಟೆ ತೆರೆಯಬಹುದು. ಕಾಣದ ನಾಳವನ್ನು ಕತ್ತರಿಸುವುದಕ್ಕಿಂತ ಅದು ಸಾವಿರ ಪಾಲು ವಾಸಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಮನೆಯವರಿಗೂ ಇದು ತಿಳಿದಿರಲಿ.

ಆಪರೇಷನ್ ದಿನ ಬರುವವರೆಗೆ ಎಣ್ಣೆ, ಜಿಡ್ಡು ಕಡಿಮೆ ಮಾಡಿ. ಕಲ್ಲು ಅದರಿಂದ ಹೋಗುವುದಿಲ್ಲ, ನೋವು ಕೆರಳುವುದು ತಗ್ಗುತ್ತದೆ. ನೋವು ಐದಾರು ಗಂಟೆ ದಾಟಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಎದೆ ಒತ್ತಿದಂತಾಗಿ ಬೆವರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಮಾತ್ರೆಗಳ ಹೆಸರು, ಸ್ಟೆಂಟ್ ಹಾಕಿದ ತಾರೀಕು ಬರೆದ ಚೀಟಿ ಮೊಬೈಲ್ ಕವರ್‌ನಲ್ಲಿರಲಿ. ಅದು ಅಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ.