ಗಂಟಿಲ್ಲ, ಆದರೂ ರಿಪೋರ್ಟಿನಲ್ಲಿ ‘ಕಾರ್ಸಿನೋಮಾ’!

ಪ್ರಶ್ನೆ: ಅಮ್ಮನಿಗೆ 54 ವರ್ಷ. ಕೈಗೆ ಗಂಟೇನೂ ಸಿಗುವುದಿಲ್ಲ. ಹುಬ್ಬಳ್ಳಿಯಲ್ಲಿ ಮ್ಯಾಮೊಗ್ರಾಂ ಮಾಡಿಸಿದಾಗ ಎಡ ಸ್ತನದಲ್ಲಿ ಸುಣ್ಣದ ಚುಕ್ಕೆಗಳು ಕಂಡವು. ಬಯಾಪ್ಸಿಯಲ್ಲಿ ‘ಪ್ಲಿಯೊಮಾರ್ಫಿಕ್ ಲೋಬ್ಯುಲರ್ ಕಾರ್ಸಿನೋಮಾ ಇನ್ ಸೈಟು ಇರಬಹುದು, ಇ-ಕ್ಯಾಡ್‌ಹೆರಿನ್ ಮಾಡಿಸಿ’ ಎಂದು ಬರೆದಿದ್ದಾರೆ. ಇದು ಕ್ಯಾನ್ಸರೇ? ಮತ್ತೆ ಸೂಜಿ ಚುಚ್ಚುತ್ತಾರೆಯೇ?
– ಓದುಗರು, ಗದಗ

ಉತ್ತರ: ಈ ಪರೀಕ್ಷೆಗಾಗಿ ಮತ್ತೆ ಚುಚ್ಚಬೇಕಿಲ್ಲ. ಆಗ ತೆಗೆದ ತುಣುಕು ಲ್ಯಾಬಿನಲ್ಲಿ ಮೇಣದ ಬ್ಲಾಕಿನೊಳಗೆ ಇರುತ್ತದೆ. ಅದರಿಂದಲೇ ಸುಮಾರು 4 ಮೈಕ್ರಾನ್ ದಪ್ಪದ ಇನ್ನೊಂದು ಪದರ ಕೊಯ್ದು ಬಣ್ಣ ಹಾಕುತ್ತಾರೆ.

‘ಲೋಬ್ಯುಲರ್’ ಅಂದರೆ ಹಾಲಿನ ಗ್ರಂಥಿಯದು. ‘ಇನ್ ಸೈಟು’ ಎಂದರೆ ಕೋಶಗಳು ಇದ್ದಲ್ಲೇ ಇವೆ, ಆ ಗ್ರಂಥಿಯ ಗೋಡೆ ದಾಟಿಲ್ಲ; ಹಾಗಾಗಿ ಗೋಡೆ ದಾಟಿದ ಕ್ಯಾನ್ಸರ್ ಎಂದು ರಿಪೋರ್ಟ್ ಹೇಳುತ್ತಿಲ್ಲ. ‘ಲೋಬ್ಯುಲರ್ ಕಾರ್ಸಿನೋಮಾ ಇನ್ ಸೈಟು’ 1941ರಲ್ಲಿ ಇಟ್ಟ ಹೆಸರು. ಹೆದರಿಸುವ ಕೆಲಸವನ್ನು ಇಂದಿಗೂ ಮಾಡುತ್ತಿದೆ. ಇದರ ಸಾಮಾನ್ಯ ಬಗೆ ಮ್ಯಾಮೊಗ್ರಾಂನಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ, ಬೇರೇನೋ ಹುಡುಕುವಾಗ ಸಿಗುತ್ತದೆ. ಅಮ್ಮನ ರಿಪೋರ್ಟಿನಲ್ಲಿರುವ ‘ಪ್ಲಿಯೊಮಾರ್ಫಿಕ್’, ಅಂದರೆ ಕೋಶಗಳ ಗಾತ್ರ, ಆಕಾರ ಒಂದೇ ತರ ಇಲ್ಲದ ಬಗೆ, ಅಪರೂಪದ್ದು. ಕೋಶಕೇಂದ್ರಗಳು ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಕೇಂದ್ರದ ನಾಲ್ಕು ಪಟ್ಟಿಗಿಂತ ದೊಡ್ಡವು. ನಡುವೆ ಸತ್ತ ಕೋಶ, ಅದರಲ್ಲಿ ಸುಣ್ಣ. ಹಾಲಿನ ನಾಳದೊಳಗಿನ ಕ್ಯಾನ್ಸರ್, ಅಂದರೆ ಡಿಸಿಐಎಸ್ ಕೂಡ ಹೀಗೆಯೇ ಕಾಣುವುದರಿಂದ ನುರಿತ ಕಣ್ಣೂ ಮೋಸ ಹೋಗುತ್ತದೆ.

ಇ-ಕ್ಯಾಡ್‌ಹೆರಿನ್ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು; ಅದು ಇದ್ದಲ್ಲಿ ಪರೀಕ್ಷೆಯ ಬಣ್ಣ ಕಂದಾಗಿ ಕಾಣುತ್ತದೆ. ಡಿಸಿಐಎಸ್‌ನಲ್ಲಿ ಪ್ರತಿ ಕೋಶದ ಸುತ್ತ ಜೇನುಹುಟ್ಟಿನಂತೆ ಕಂದು ಗೆರೆ ಮೂಡುತ್ತದೆ. ಲೋಬ್ಯುಲರ್‌ನಲ್ಲಿ ಸಾಮಾನ್ಯವಾಗಿ ಮೂಡುವುದಿಲ್ಲ. ಆದರೆ ಅದೇ ಗಾಜಿನಲ್ಲಿ ಪಕ್ಕದ ಆರೋಗ್ಯವಂತ ನಾಳ ಕಂದಾಗಿರಲೇಬೇಕು. ಅದೂ ಬೆಳ್ಳಗಿದ್ದರೆ ಬಣ್ಣವೇ ಕೆಟ್ಟಿದೆ ಎಂದರ್ಥ. ಕೆಡುವುದು ಬಹುಪಾಲು ಶುರುವಿನಲ್ಲೇ: ತುಣುಕು ಒಂದು ತಾಸಿನೊಳಗೆ, ತನ್ನ ಹತ್ತು ಪಟ್ಟು 10% ಫಾರ್ಮಲಿನ್‌ಗೆ (ಕೆಡದಂತೆ ಕಾಪಾಡುವ ದ್ರಾವಣ) ಬಿದ್ದು, ಕನಿಷ್ಠ 6 ತಾಸು ನೆನೆಯಬೇಕು. ಇನ್ನೊಂದು ಬಲೆಯೂ ಉಂಟು. ಗೋಡೆಗಂಟಿದ ಮಯೋಎಪಿಥೀಲಿಯಲ್ ಕೋಶಗಳು ಹೇಗೂ ಕಂದಾಗುತ್ತವೆ. ಅದನ್ನೇ ‘ಪಾಸಿಟಿವ್’ ಎಂದು ಓದಿಬಿಡುವುದುಂಟು. ಅನುಮಾನ ಉಳಿದರೆ ಪಿ120 ಎಂಬ ಇನ್ನೊಂದು ಪ್ರೋಟೀನಿನ ಬಣ್ಣದ ಪರೀಕ್ಷೆ ಮಾಡಿಸಲಿ: ಲೋಬ್ಯುಲರ್‌ನಲ್ಲಿ ಅದು ಕೋಶದ ಅಂಚು ಬಿಟ್ಟು ಒಳಗೆಲ್ಲ ಹರಡಿರುತ್ತದೆ.

ತೆಗೆದ ತುಣುಕುಗಳ ಎಕ್ಸ್‌ರೇ ಆಗಿದೆಯೇ ಎಂದು ಕೇಳಿ. ಅದರಲ್ಲಿ ಸುಣ್ಣದ ಚುಕ್ಕೆ ಇಲ್ಲದಿದ್ದರೆ ಸೂಜಿ ಗುರಿ ತಪ್ಪಿರಬಹುದು. ಆಗ ಮರುಬಯಾಪ್ಸಿಯ ಮಾತು ಬರಬಹುದು. ಈ ಬಗೆಯೇ ಎಂದು ಖಚಿತವಾದರೆ ಆ ಜಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ನೋಡುವುದು ರೂಢಿ. ಸೂಜಿಗೆ ಸಿಗದ ಪಕ್ಕದಲ್ಲೇ ಗೋಡೆ ದಾಟಿದ ಕ್ಯಾನ್ಸರ್ ಇರಬಹುದು.

ಎರಡನೆಯ ಅಭಿಪ್ರಾಯಕ್ಕೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಬರೀ ರಿಪೋರ್ಟ್ ಸಾಲದು. ಬ್ಲಾಕ್, ಸ್ಲೈಡ್, ಮ್ಯಾಮೊಗ್ರಾಂ ಮೂರೂ ಬೇಕು. ಬ್ಲಾಕನ್ನು ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ.

ಪ್ರಶ್ನೆ: ಅಗ್ಗದ ಸಣ್ಣ ಸೂಜಿ ಪರೀಕ್ಷೆ, ಎಫ್‌ಎನ್‌ಎಸಿ ಸಾಲದೇ?
– ಓದುಗರು, ಹಾವೇರಿ

ಉತ್ತರ: ಇಂಥದ್ದಕ್ಕೆ ಸಾಲದು. ಅದರಲ್ಲಿ ಬಿಡಿ ಕೋಶಗಳಷ್ಟೇ ಬರುತ್ತವೆ, ಗೋಡೆ ಬರುವುದಿಲ್ಲ. ದಾಟಿದೆಯೋ ಇಲ್ಲವೋ ಹೇಳಲು 14 ಗೇಜ್ ಅಥವಾ ಅದಕ್ಕಿಂತ ದಪ್ಪ ಸೂಜಿಯ ಕೋರ್ ಬಯಾಪ್ಸಿಯೇ ಬೇಕು.