ಹಳೆ ಡೆಸ್ಕ್‌ಟಾಪ್‌ಗೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ?

ಪ್ರಶ್ನೆ: 2014ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದೆ. ಐ3-4130 ಪ್ರೊಸೆಸರ್, ಎಚ್81 ಬೋರ್ಡು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿದರೆ ಐದು ನಿಮಿಷ ಕಾಯಬೇಕು. ವಿಂಡೋಸ್ 11 ಹಾಕಲು ಬರುವುದಿಲ್ಲ, ಹೊಸದು ತಗೊಳ್ಳಿ ಅನ್ನುತ್ತಾರೆ ಅಂಗಡಿಯವರು. ಮಗಳ ಓದು, ಪತ್ರ ಟೈಪಿಂಗ್, ಯೂಟ್ಯೂಬ್ ಬಿಟ್ಟರೆ ಬೇರೆ ಕೆಲಸವಿಲ್ಲ. ಏನು ಮಾಡಲಿ?
— ಓದುಗರು, ಹಾಸನ

ಉತ್ತರ: ವಿಂಡೋಸ್ 11ರ ಮಾತು ನಿಜ. ಅದಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಬೇಕು, ನಿಮ್ಮದು 4ನೆಯದು. ಹೊಸದು ತಗೊಳ್ಳಿ ಎನ್ನುವುದನ್ನು ಮಾತ್ರ ಒಪ್ಪಲಾಗದು. ಐದು ನಿಮಿಷ ಕಾಯಿಸುತ್ತಿರುವುದು ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕು. ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಓದಬಲ್ಲದು. ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಕಡತ ಇಡುವ ಸಾಧಾರಣ ಎಸ್‌ಎಸ್‌ಡಿ ಸಾವಿರಗಟ್ಟಲೆ ಓದುತ್ತದೆ. ಸಾಲದ್ದಕ್ಕೆ 4 ಜಿಬಿ ರ‍್ಯಾಮ್ ತುಂಬಿದ ಕೂಡಲೇ ವಿಂಡೋಸ್ ಮಿಕ್ಕದ್ದನ್ನು ಅದೇ ಡಿಸ್ಕಿನ ಮೇಲೆ ಹೇರುತ್ತದೆ.

ಹಾಗಾಗಿ ಎರಡೇ ವಸ್ತು ಕೊಳ್ಳಿ: 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕಿನ ಬಗೆಯ ಕೇಬಲ್ಲಿಗೇ ಕೂರುವ) ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್. ಎಚ್81 ಬೋರ್ಡಿನಲ್ಲಿ ರ‍್ಯಾಮಿಗೆ ಎರಡೇ ಸ್ಲಾಟು, ಒಟ್ಟು ಮಿತಿ 16 ಜಿಬಿ. ನಿಮ್ಮ ಕೆಲಸಕ್ಕೆ 8 ಸಾಕು. ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ಮರುಳಾಗಬೇಡಿ, ನಿಮ್ಮ ಬೋರ್ಡಿನ ಕಾಲದ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಸಾಮಾನ್ಯವಾಗಿ ಅದರಿಂದ ಬೂಟ್ ಆಗುವುದಿಲ್ಲ. ಎಚ್81ರ ಸಾಟಾ ಪೋರ್ಟುಗಳಲ್ಲಿ ಎರಡು 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವುದನ್ನು ನೋಡಿಕೊಂಡು ಎಸ್‌ಎಸ್‌ಡಿಯನ್ನು 6ರದಕ್ಕೇ ಸಿಕ್ಕಿಸಿ.

ಅನೇಕರು ಎಡವುವುದು ಇಲ್ಲಿ: ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ (ಹಳೆ ಪದ್ಧತಿ) ಎಂದಿದ್ದರೆ ಅದನ್ನು ಎಎಚ್‌ಸಿಐ (ಹೊಸ ಪದ್ಧತಿ) ಮಾಡಬೇಕು. ಹಳೆ ವಿಂಡೋಸನ್ನೇ ಕ್ಲೋನ್ ಮಾಡಿ (ಇದ್ದಹಾಗೇ ನಕಲಿಸಿ) ತಂದಿದ್ದರೆ, ಮೋಡ್ ಬದಲಿಸಿದೊಡನೆ ನೀಲಿ ಪರದೆ ಬರುತ್ತದೆ. ಮೊದಲು ಸೇಫ್ ಮೋಡ್‌ನಲ್ಲಿ (ಅಗತ್ಯ ಭಾಗಗಳಷ್ಟೇ ನಡೆಯುವ ಸ್ಥಿತಿ) ಏಳುವಂತೆ ಹೊಂದಿಸಿ, ಆಮೇಲೆ ಬಯೋಸ್‌ನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಬಳಿಕ ಮಾಮೂಲಿಗೆ ತನ್ನಿ. ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೆ ಈ ತಲೆನೋವಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಬಳಕೆಗೆ, ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಧಾರಾಳವಾಗಿ ಆಗುತ್ತದೆ. ಅದರ ಕೀಬೋರ್ಡ್ ಸೆಟಿಂಗ್ಸ್‌ನಲ್ಲಿ ಕನ್ನಡಕ್ಕೆ ಕಗಪ ವಿನ್ಯಾಸವೂ ಇದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಹೊಸ ಪಾಠ ಬೇಕಿಲ್ಲ. ಆದರೆ ವಿಂಡೋಸ್‌ನಲ್ಲಷ್ಟೇ ನಡೆಯುವ ಲೆಕ್ಕದ ತಂತ್ರಾಂಶ ಬೇಕೇಬೇಕು ಎನ್ನುವವರಿಗೆ ಈ ಸಲಹೆ ಅಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ಬಲು ಅಗ್ಗಕ್ಕೆ ಸಿಕ್ಕ 8 ಜಿಬಿ ಡಿಡಿಆರ್3 ರ‍್ಯಾಮ್ ಹಾಕಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಹಳೆಯದು ಹಾಕಿದರೆ ಸರಿ. ಬೋರ್ಡು ಹೋಯಿತೇ?
— ಓದುಗರು, ದಾವಣಗೆರೆ

ಉತ್ತರ: ಬೋರ್ಡು ಚೆನ್ನಾಗಿದೆ. ನಿಮಗೆ ಬಂದಿರುವುದು ಎಎಂಡಿ (ಇಂಟೆಲ್‌ನ ಪ್ರತಿಸ್ಪರ್ಧಿ) ಬೋರ್ಡುಗಳಲ್ಲಿ ಮಾತ್ರ ನಡೆಯುವ ರ‍್ಯಾಮ್ ಕಡ್ಡಿ ಇರಬಹುದು. ಜಾಹೀರಾತಿನ ಮೂಲೆಯಲ್ಲಿ ಹಾಗೆಂದು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಇಂಟೆಲ್ ಬೋರ್ಡಿಗೆ ಕೊಳ್ಳುವಾಗ 8 ಜಿಬಿ ಕಡ್ಡಿಯ ಚೀಟಿಯಲ್ಲಿ ‘2ಆರ್‌ಎಕ್ಸ್8’ ಎಂದಿರಬೇಕು. ವಾಪಸ್ ಕಳಿಸುವ ಮೊದಲು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡಿಬಿಡಿ. ಇನ್ನೂ ಹಳೆಯ ಜಿ41 ಬೋರ್ಡಿನವರಿಗೊಂದು ಮಾತು: ಅದರಲ್ಲಿ 4 ಜಿಬಿ ಕಡ್ಡಿ ನಡೆಯಬೇಕಾದರೆ ಎರಡೂ ಬದಿ ಸೇರಿ 16 ಚಿಪ್ ಇರಬೇಕು, 8 ಚಿಪ್‌ನದು ಏಳುವುದಿಲ್ಲ.

ಪ್ರಶ್ನೆ: ಅಡಿಕೆ ಮಂಡಿಯಲ್ಲಿ ಡಾಸ್ ಕಾಲದ ಲೆಕ್ಕದ ತಂತ್ರಾಂಶ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಳಸುತ್ತೇವೆ. ಪೆಂಟಿಯಂ 4, ವಿಂಡೋಸ್ ಎಕ್ಸ್‌ಪಿ. ನಡೆಯುತ್ತಿದೆ, ಆದರೆ ಭಯ. ಯುಎಸ್‌ಬಿ ಕನ್ವರ್ಟರ್ ತಂದು ಹೊಸ ಕಂಪ್ಯೂಟರಿಗೆ ಜೋಡಿಸಿದರೆ ಪ್ರಿಂಟ್ ಬರಲಿಲ್ಲ.
— ಓದುಗರು, ಶಿರಸಿ

ಉತ್ತರ: ಬಹಳಷ್ಟು ಡಾಸ್ ತಂತ್ರಾಂಶಗಳು ಪ್ಯಾರಲಲ್ ಪೋರ್ಟಿನ (ಹಳೆ ಪ್ರಿಂಟರ್ ಸಿಕ್ಕಿಸುವ ಅಗಲದ ಕಿಂಡಿ) ವಿಳಾಸಕ್ಕೆ ನೇರವಾಗಿ ಬರೆಯುತ್ತವೆ. ಕನ್ವರ್ಟರ್ ತನ್ನನ್ನು ಯುಎಸ್‌ಬಿ ಪ್ರಿಂಟರ್ ಎಂದು ಪರಿಚಯಿಸಿಕೊಳ್ಳುತ್ತದೆಯೇ ಹೊರತು ಆ ವಿಳಾಸದಲ್ಲಿ ಕೂರುವುದಿಲ್ಲ. 64 ಬಿಟ್ ವಿಂಡೋಸ್ ಅಂತೂ 16 ಬಿಟ್ ತಂತ್ರಾಂಶವನ್ನು ತೆರೆಯುವುದೇ ಇಲ್ಲ. ಕಾರ್ಬನ್ ಹಾಳೆಯಲ್ಲಿ ಮೂರು ಪ್ರತಿ ಒಟ್ಟಿಗೆ ತೆಗೆಯುವುದು ಲೇಸರ್ ಪ್ರಿಂಟರಿಗೆ ಆಗದ ಕೆಲಸ. ಆದ್ದರಿಂದ ಹಳೆಯದನ್ನೇ ಉಳಿಸಿ, ಆದರೆ ಈ ವಾರವೇ ಡಿಸ್ಕಿನ ಪ್ರತಿ ತೆಗೆಯಿರಿ.

ಡಿಸ್ಕನ್ನು ಬಿಚ್ಚಿ, ಅದರ ಹಿಂಬದಿಯ ಜಂಪರನ್ನು (ಪಿನ್‌ಗಳ ಮೇಲೆ ಕೂರುವ ಪುಟ್ಟ ತುಂಡು) ಮಾಸ್ಟರ್‌ಗೆ ಇಟ್ಟು, ಯುಎಸ್‌ಬಿ-ಐಡಿಇ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ. ಕಡತ ಮಾತ್ರ ಕಾಪಿ ಮಾಡಿದರೆ ಸಾಲದು, ಇಡೀ ಡಿಸ್ಕಿನ ಇಮೇಜ್ (ಯಥಾಪ್ರತಿ) ಬೇಕು. ಆಮೇಲೆ ಪೆಟ್ಟಿಗೆಯೊಳಗೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇದ್ದರೆ ಕ್ಷೇಮ; ಉಬ್ಬಿದ್ದರೆ ಅಥವಾ ಕಂದು ಕಲೆ ಕಂಡರೆ ಬದಲಿಸಿ. ಆ ಕಾಲದ ಬೋರ್ಡುಗಳ ಮಾಮೂಲಿ ಕಾಯಿಲೆ ಇದು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯ ಲೋ ಇಎಸ್‌ಆರ್ (ಒಳ ರೋಧ ಕಡಿಮೆ ಇರುವ) ಬಗೆಯದೇ ಆಗಲಿ. ಪಟ್ಟೆ ಇರುವ ಬದಿ ಋಣ. ಎಕ್ಸ್‌ಪಿಯ ಬೆಂಬಲ 2014ರಲ್ಲೇ ಮುಗಿದಿರುವುದರಿಂದ ಈ ಯಂತ್ರಕ್ಕೆ ಇಂಟರ್‌ನೆಟ್ ಕೊಡಬೇಡಿ. ಪ್ಯಾರಲಲ್ ಪೋರ್ಟ್ ಇರುವ ಇನ್ನೊಂದು ಹಳೆ ಬೋರ್ಡು ಗುಜರಿ ಬೆಲೆಗೆ ಸಿಕ್ಕರೆ ಎತ್ತಿಟ್ಟುಕೊಳ್ಳಿ.

ಪ್ರಶ್ನೆ: ದಿನಾ ತಾರೀಖು ಹಿಂದಕ್ಕೆ ಹೋಗುತ್ತದೆ, ಬ್ಯಾಂಕಿನ ಜಾಲತಾಣ ‘ಸುರಕ್ಷಿತವಲ್ಲ’ ಅನ್ನುತ್ತದೆ.
— ಓದುಗರು, ಮೈಸೂರು

ಉತ್ತರ: ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ. ತಾರೀಖು ತಪ್ಪಿದ್ದರಿಂದ ಬ್ರೌಸರ್‌ಗೆ ಜಾಲತಾಣದ ಪ್ರಮಾಣಪತ್ರ ಸಿಂಧು ಅನ್ನಿಸುತ್ತಿಲ್ಲ, ಅಷ್ಟೇ. ತೆಗೆಯುವ ಮೊದಲು ಬಯೋಸ್ ಪರದೆಗಳ ಫೋಟೊ ತೆಗೆದುಕೊಳ್ಳಿ, ಸೆಟಿಂಗ್ ಅಳಿಸಿಹೋಗಬಹುದು. ಪ್ಲಗ್ ಕಿತ್ತು, ‘+’ ಗುರುತು ಮೇಲೆ ಬರುವಂತೆ ಹೊಸದು ಕೂರಿಸಿ.

ಪ್ರಶ್ನೆ: ಎಸ್.ಪಿ. ರಸ್ತೆಯಲ್ಲಿ ಬಳಸಿದ ಡೆಲ್ ಆಪ್ಟಿಪ್ಲೆಕ್ಸ್ 9020 ನೋಡಿದ್ದೇನೆ. ಕರೆಂಟ್ ಬಿಲ್ ಏರುತ್ತದೆ, ಮಿನಿ ಪಿಸಿ ವಾಸಿ ಅನ್ನುತ್ತಾರೆ ಗೆಳೆಯರು.
— ಓದುಗರು, ಬೆಂಗಳೂರು

ಉತ್ತರ: ಲೆಕ್ಕ ಹಾಕಿ. ಹಗುರ ಕೆಲಸದಲ್ಲಿ ಹಳೆಯದು 40 ವಾಟ್, ಮಿನಿ ಪಿಸಿ 10 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ ವ್ಯತ್ಯಾಸ 7.2 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 43 ರೂಪಾಯಿ. ಇದಕ್ಕಾಗಿ ಮಿನಿ ಪಿಸಿ ಕೊಳ್ಳುವುದು ಗಿಟ್ಟದು. ಹಗಲೂ ರಾತ್ರಿ ಓಡುವ ಸರ್ವರ್ ಮಾಡುವುದಾದರೆ ವ್ಯತ್ಯಾಸ ವರ್ಷಕ್ಕೆ 1,500 ರೂಪಾಯಿ ದಾಟುತ್ತದೆ, ಆಗ ಗೆಳೆಯರ ಮಾತು ಕೇಳಿ.

9020ರ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಕನೆಕ್ಟರ್ 8 ಪಿನ್ನಿನದು, ಮಾಮೂಲಿ 24 ಪಿನ್ನಿನದು ನೇರವಾಗಿ ಕೂರದು. ಬದಲಿಸುವ ದಿನ ಬಂದರೆ ಅಡಾಪ್ಟರ್ ಕೇಬಲ್ ಬೇಕಾಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಕ್ರಿಸ್ಟಲ್ ಡಿಸ್ಕ್ ಇನ್ಫೊ (ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ) ತೆರೆಸಿ. ಹಾರ್ಡ್ ಡಿಸ್ಕಿನ 05 ಮತ್ತು ಸಿ5 (ಕೆಟ್ಟ ಜಾಗಗಳ ಲೆಕ್ಕ) ಸಾಲುಗಳ ‘ರಾ ವ್ಯಾಲ್ಯೂ’ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ಡಿಸ್ಕ್ ಬೇಡವೆಂದು ಹೇಳಿ, ಅದರ ಬೆಲೆ ಕಳೆದು ಕೊಡಿ.